ಕಾಗದದ ಮೇಲೆ ಕಾಣದ ರುಜು

ವಿಜಯನಗರದ ಅರಸರ ತಾಮ್ರಶಾಸನಗಳ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಒಪ್ಪವಿರುವುದನ್ನು ಶಾಸನಾಭ್ಯಾಸಿಗಳು ಬಲ್ಲರು. ಶಾಸನದ ಒಡಲು ಸಂಸ್ಕೃತದಲ್ಲಿ, ನಾಗರೀ ಲಿಪಿಯಲ್ಲಿದ್ದರೂ ಒಪ್ಪ ಮಾತ್ರ ಕನ್ನಡ ಅಕ್ಷರಗಳಲ್ಲಿ. ಅದು ಅರಸನ ಹೆಸರಲ್ಲ, ದೇವರ ಹೆಸರು. ಆದರೂ ಅರಸನ ರುಜುವೆಂದೇ ಅದಕ್ಕೆ ಮನ್ನಣೆ. ರುಜುವೆಂದರೆ ಹೆಸರು ಬರೆಯುವುದಲ್ಲ, ‘ಇದಕ್ಕೆ ನಾನು ಹೊಣೆ’ ಎಂದು ಒಪ್ಪಿಕೊಳ್ಳುವುದು. ಅಕ್ಷರ ಬಾರದವನು ಹಾಕಿದ ಗುರುತನ್ನೂ ಸಹಿಯೆಂದೇ ಎಣಿಸಬೇಕೆಂದು 1897ರ ಜನರಲ್ ಕ್ಲಾಸಸ್ ಕಾಯಿದೆ ಹೇಳಿದ್ದು ಈ ಅರ್ಥದಲ್ಲಿಯೇ.

ಇಂದು ಕೊಪ್ಪದ ಅಡಿಕೆ ಬೆಳೆಗಾರರೊಬ್ಬರು ಸಾಲಕ್ಕಾಗಿ ಪಹಣಿಯನ್ನೋ, ಶೃಂಗೇರಿಯ ವಿದ್ಯಾರ್ಥಿ ನಾಡಕಚೇರಿಯ ಆದಾಯ ಪ್ರಮಾಣಪತ್ರವನ್ನೋ ಗಣಕಯಂತ್ರದಿಂದ ಅಚ್ಚು ಮಾಡಿಸಿಕೊಂಡು ಹೋದರೆ, ಮೇಜಿನ ಆಚೆಯಿಂದ ಪ್ರಶ್ನೆ ಬರುವುದುಂಟು: ‘ಇದಕ್ಕೆ ಸಹಿ ಎಲ್ಲಿ? ಮೊಹರು ಎಲ್ಲಿ?’ (ಮೊಹರಿನ ಮೇಲಿನ ಮಮಕಾರ ನಮ್ಮ ಕಚೇರಿಗಳಿಗೆ ಬಹು ಹಳೆಯದು.) ಪ್ರಶ್ನೆ ನ್ಯಾಯವಾದುದೇ, ಉತ್ತರ ಮಾತ್ರ ಕಾಗದದ ಮೇಲಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯಿದೆಯ 5ನೆಯ ಕಲಮಿನ ಪ್ರಕಾರ, ಸಹಿ ಬೇಕೆಂದು ಕಾನೂನು ಹೇಳುವಲ್ಲಿ ನಿಯಮಾನುಸಾರ ಮಾಡಿದ ಎಲೆಕ್ಟ್ರಾನಿಕ್ ರುಜು ಸಾಕು. ಮೊದಲು ‘ಡಿಜಿಟಲ್ ಸಹಿ’ಯೊಂದನ್ನೇ ಒಪ್ಪಿದ್ದ ಕಾಯಿದೆಗೆ 2008ರಲ್ಲಿ ತಿದ್ದುಪಡಿಯಾಗಿ ಇತರ ವಿಧಾನಗಳಿಗೂ ಬಾಗಿಲು ತೆರೆಯಿತು.

ಈ ರುಜು ಮಾಡುವ ಬಗೆಯನ್ನು ತುಸು ವಿವರಿಸಬೇಕು. ಇದು ಶಾಯಿಯ ಸಹಿಯ ಚಿತ್ರವಲ್ಲ. ಸಹಿಯ ಫೋಟೋ ತೆಗೆದು ಪತ್ರದ ಕೆಳಗೆ ಅಂಟಿಸಿದ ಮಾತ್ರಕ್ಕೆ ಅದು ಡಿಜಿಟಲ್ ಸಹಿಯಾಗುವುದಿಲ್ಲ. ಯಂತ್ರವು ಇಡೀ ಬರಹವನ್ನು ಅರೆದು ಒಂದು ಸಂಖ್ಯೆಯಾಗಿ ಇಳಿಸುತ್ತದೆ. ‘2 ಎಕರೆ’ ಎಂಬುದನ್ನು ‘3 ಎಕರೆ’ ಎಂದು ತಿದ್ದಿದರೆ ಸಾಕು, ಆ ಸಂಖ್ಯೆ ಬೇರೆಯೇ ಆಗಿಬಿಡುತ್ತದೆ. ರುಜು ಮಾಡುವವರು ತಮ್ಮೊಬ್ಬರ ಬಳಿಯೇ ಇರುವ ಗುಪ್ತ ಕೀಲಿಕೈಯಿಂದ ಆ ಸಂಖ್ಯೆಗೆ ಬೀಗ ಹಾಕುತ್ತಾರೆ; ಅದಕ್ಕೆ ಜೋಡಿಯಾದ ಬಹಿರಂಗ ಕೀಲಿಕೈಯಿಂದ ಯಾರು ಬೇಕಾದರೂ ತೆರೆದು ತಾಳೆ ನೋಡಬಹುದು. ಆ ಕೀಲಿಕೈ ಇಂಥವರದೇ ಎಂದು ದೃಢೀಕರಿಸುವ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ನೇಮಿಸಿದ ನಿಯಂತ್ರಕರು ಪರವಾನಗಿ ಕೊಡುತ್ತಾರೆ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಆಮೇಲೆ ಸಾಲದ ಮೊತ್ತ ತುಂಬಿದ ಸಾಹುಕಾರರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಶಾಯಿಯ ಸಹಿಗೆ ತನ್ನ ಮೇಲೆ ಆಮೇಲೆ ಏನು ಬರೆದರೆಂಬುದು ತಿಳಿಯದು. ಈ ರುಜುವಿಗೆ ತಿಳಿಯುತ್ತದೆ.

ಆದರೆ ಕಡತವನ್ನು ಕಾಗದಕ್ಕೆ ಇಳಿಸಿದೊಡನೆ ರುಜು ಹಿಂದೆಯೇ ಉಳಿದುಬಿಡುತ್ತದೆ. ಕಾಗದದ ಮೇಲೆ ಕಾಣುವುದು ಅದರ ಸುಳಿವು ಮಾತ್ರ. ಆದುದರಿಂದ ಪ್ರಮಾಣಪತ್ರದ ಮೇಲಿನ ಸಂಖ್ಯೆಯನ್ನು ಸರ್ಕಾರದ ಜಾಲತಾಣದಲ್ಲಿ ಹಾಕಿ ತಾಳೆ ನೋಡುವುದೇ ಸರಿಯಾದ ಪರೀಕ್ಷೆ. ಅರ್ಜಿದಾರರನ್ನು ಮೊಹರಿಗಾಗಿ ಮತ್ತೆ ತಾಲ್ಲೂಕು ಕಚೇರಿಗೆ ಅಟ್ಟುವುದು ಪರೀಕ್ಷೆಯಲ್ಲ.

2015ರಲ್ಲಿ ಆಧಾರ್ ಮೂಲಕ ರುಜು ಮಾಡುವ ಸೌಲಭ್ಯವೂ ಬಂದಿತು. ದೂರವಾಣಿಗೆ ಬಂದ ಒ.ಟಿ.ಪಿ. ಅಂಕಿಗಳನ್ನು ಕೊಟ್ಟರೆ, ಆ ಒಂದು ರುಜುವಿಗಾಗಿಯೇ ಕೀಲಿಕೈ ಹುಟ್ಟಿ ಅಲ್ಲಿಯೇ ಅಳಿಯುತ್ತದೆ. ನನಗೆ ಅಂಜಿಕೆಯಿರುವುದು ಇಲ್ಲಿ. ನರಸಿಂಹರಾಜಪುರದ ಒಳಹಳ್ಳಿಯ ಅಜ್ಜಿಯೊಬ್ಬರು ಪೇಟೆಯ ಅಂಗಡಿಯಲ್ಲಿ ಕುಳಿತು, ‘ಮಗಾ, ಏನೋ ನಂಬರು ಬಂತು ನೋಡು’ ಎಂದು ಫೋನನ್ನೇ ಕೈಗೆ ಕೊಡುತ್ತಾರೆ. ಹೆಬ್ಬೆಟ್ಟು ಒತ್ತುವಾಗ ‘ಇದೇನು ಪತ್ರ?’ ಎಂದು ಕೇಳುವಷ್ಟು ಎಚ್ಚರ ಅವರಿಗಿತ್ತು. ಆರು ಅಂಕಿಗಳನ್ನು ಹೇಳುವಾಗ ತಾವು ರುಜು ಹಾಕುತ್ತಿರಬಹುದೆಂಬ ಅರಿವೇ ಇರುವುದಿಲ್ಲ. ಪತ್ರ ಓದಿ ಹೇಳಿದ ಹೊರತು ಅಂಕಿ ಹೇಳಬೇಡಿರೆಂದು ಮನೆಯ ಮಕ್ಕಳು ಹಿರಿಯರಿಗೆ ತಿಳಿಸಿಕೊಡಬೇಕು. ಮೋಸವಾಯಿತೆಂದು ನ್ಯಾಯಾಲಯಕ್ಕೆ ಹೋಗಬಹುದು, ನಿಜ. ಆದರೆ ಹಾಕಿದ್ದು ನಾನಲ್ಲವೆಂದು ತೋರಿಸಲು ಪಡಬೇಕಾದ ಪಾಡು ಸಣ್ಣದಲ್ಲ.

ಎಲ್ಲ ಪತ್ರಗಳಿಗೂ ಈ ರುಜು ಸಲ್ಲದು. ಕಾಯಿದೆ ಹೊರಗಿಟ್ಟ ದಸ್ತಾವೇಜುಗಳ ಪಟ್ಟಿಯೊಂದಿದೆ. ಸ್ಥಿರಾಸ್ತಿ ಮಾರಾಟದ ಕರಾರು 2022ರಲ್ಲಿ ಆ ಪಟ್ಟಿಯಿಂದ ಹೊರಬಂತು. ಆದರೂ ನೋಂದಣಿಗೆ 1908ರ ಕಾಯಿದೆಯ ಕಟ್ಟಳೆಗಳು ಬೇರೆಯೇ ಇವೆ. ಉಯಿಲು ಮಾತ್ರ ಪಟ್ಟಿಯಲ್ಲಿಯೇ ಉಳಿದಿದೆ. ಪರದೇಶದ ಮಕ್ಕಳಿಗೆ ತೋಟ ಹಂಚಿ, ಫೋನಿನಲ್ಲಿಯೇ ರುಜು ಹಾಕಿ ನಿಶ್ಚಿಂತರಾದ ಯಜಮಾನರ ಉಯಿಲು ಅವರ ಕಾಲಾನಂತರ ನಿಲ್ಲದು. ಅದಕ್ಕೆ ಕಾಗದ, ಶಾಯಿ, ಇಬ್ಬರು ಸಾಕ್ಷಿಗಳ ಕೈಬರಹದ ರುಜು ಬೇಕೇ ಬೇಕು.