ಕಡಲ ನಾಯಿಗೆ ಕೆಲಸ ಹುಡುಕಿಕೊಟ್ಟವರು

ಕೆರೆಯಲ್ಲಿ ಮೂವರು ಒಬ್ಬರಿಂದೊಬ್ಬರು ದೂರ ಸರಿದು ತೇಲುತ್ತಿದ್ದಾರೆ. ಇಬ್ಬರು ಸುಮ್ಮನಿದ್ದಾರೆ. ಮೂರನೆಯವರು ಮಾತ್ರ ನೀರು ಬಡಿಯುತ್ತ ಸಹಾಯಕ್ಕಾಗಿ ಕೂಗುತ್ತಿದ್ದಾರೆ. ದಡದಿಂದ ಅರವತ್ತು ಕಿಲೋ ತೂಕದ ಕರಿ ನಾಯಿಯೊಂದು ಹಗ್ಗ ಕಟ್ಟಿದ ಲೈಫ್ ರಿಂಗನ್ನು ಕಚ್ಚಿಕೊಂಡು ನೀರಿಗಿಳಿಯುತ್ತದೆ. ಮೂವರಲ್ಲಿ ಯಾರ ಬಳಿ ಹೋಗಬೇಕೆಂಬುದನ್ನು ಅದೇ ತೀರ್ಮಾನಿಸಬೇಕು. ಕೂಗಿದವರ ಕೈಗೆ ರಿಂಗ್ ಸಿಗುವಂತೆ ಮಾಡಿ, ಅವರನ್ನು ದಡಕ್ಕೆ ಎಳೆದು ತರಬೇಕು. ಸುಮ್ಮನಿದ್ದವರ ಹತ್ತಿರ ಹೋದರೆ ಅಲ್ಲಿಗೆ ಆಟ ಮುಗಿಯಿತು. ಉಳಿದದ್ದನ್ನೆಲ್ಲ ಎಷ್ಟೇ ಸೊಗಸಾಗಿ ಮಾಡಿದ್ದರೂ ಅವತ್ತು ಬಿರುದಿಲ್ಲ. ಈ ಪರೀಕ್ಷೆಯಲ್ಲಿ ಅಂಕಗಳಿಲ್ಲ, ಮೊದಲನೇ ಸ್ಥಾನ ಎರಡನೇ ಸ್ಥಾನಗಳಿಲ್ಲ. ಪಾಸು ಅಥವಾ ನಪಾಸು, ಅಷ್ಟೇ.

ನಾಯಿಯ ಜಾತಿ ನ್ಯೂಫೌಂಡ್‌ಲ್ಯಾಂಡ್. ಸಾಕಿದವರ ಬಾಯಲ್ಲಿ ಬರೀ 'ನ್ಯೂಫ್'. ಇಂಥ ಪರೀಕ್ಷೆಗಳನ್ನು ನಡೆಸುವವರು ಅಮೆರಿಕದ ಬೇರೆಬೇರೆ ಪ್ರಾಂತ್ಯಗಳಲ್ಲಿರುವ ಸಣ್ಣ ಸಣ್ಣ ಕ್ಲಬ್ಬುಗಳ ಸದಸ್ಯರು. ವಾಯವ್ಯ ಮೂಲೆಯಲ್ಲಿ ನ್ಯೂಫೌಂಡ್‌ಲ್ಯಾಂಡ್ ಕ್ಲಬ್ ಆಫ್ ಸಿಯಾಟಲ್ ಇದೆ, ಈಶಾನ್ಯದಲ್ಲಿ ನ್ಯೂಫೌಂಡ್‌ಲ್ಯಾಂಡ್ ಕ್ಲಬ್ ಆಫ್ ನ್ಯೂ ಇಂಗ್ಲೆಂಡ್. ಇವಕ್ಕೆಲ್ಲ ಮಾತೃಸಂಸ್ಥೆ 1930ರಲ್ಲಿ ಹುಟ್ಟಿದ ನ್ಯೂಫೌಂಡ್‌ಲ್ಯಾಂಡ್ ಕ್ಲಬ್ ಆಫ್ ಅಮೆರಿಕಾ. ನಿಯಮ ಬರೆಯುವುದು, ತೀರ್ಪುಗಾರರಿಗೆ ಮಾನ್ಯತೆ ಕೊಡುವುದು ಅದರ ಕೆಲಸ. ದೋಣಿ ಹೊಂದಿಸುವುದು, ಕೆರೆಗೆ ಅನುಮತಿ ತರುವುದು, ತಣ್ಣೀರಿನಲ್ಲಿ ಗಂಟೆಗಟ್ಟಲೆ ನೆನೆಯುತ್ತ 'ಮುಳುಗುವವರು' ಆಗುವುದು ಪ್ರಾಂತೀಯ ಕ್ಲಬ್ಬಿನವರ ಪಾಲಿಗೆ ಬಂದದ್ದು. ನಾಯಿ ಪ್ರದರ್ಶನಗಳೆಂದರೆ ಬಾಚಣಿಗೆ, ರಿಬ್ಬನ್ನು, ಪ್ರತಿಷ್ಠೆ ಎಂದುಕೊಂಡವರು ಈ ಕ್ಲಬ್ಬುಗಳನ್ನು ನೋಡಬೇಕು. ಬಾಚಣಿಗೆ ರಿಬ್ಬನ್ನುಗಳು ಇಲ್ಲೂ ಉಂಟು, ಆದರೆ ಇವರ ಜೀವ ಇರುವುದು ಹಗ್ಗ, ದೋಣಿ, ಬಂಡಿಗಳಲ್ಲಿ.

ಅದಕ್ಕೆ ಕಾರಣ ನಾಯಿಯ ಮೈಕಟ್ಟಿನಲ್ಲೇ ಇದೆ. ಇದು ಕೆನಡಾದ ಪೂರ್ವ ತುದಿಯ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಬೆಸ್ತರ ನಾಯಿ. ಕಾಡ್ ಮೀನಿನ ಬಲೆಗಳನ್ನು ದಡಕ್ಕೆಳೆಯುವುದು, ದೋಣಿಯಿಂದ ದಡಕ್ಕೆ ಹಗ್ಗ ಮುಟ್ಟಿಸುವುದು, ಮೀನು ಸೌದೆಗಳ ಬಂಡಿ ಎಳೆಯುವುದು, ನೀರಿಗೆ ಬಿದ್ದವರನ್ನು ಹಿಡಿದು ತರುವುದು ಇದರ ದಿನಗೂಲಿಯಾಗಿತ್ತು. ಬೆರಳುಗಳ ನಡುವೆ ಬಾತಿಗಿರುವಂಥ ಪೊರೆ. ಮೇಲೊಂದು ಎಣ್ಣೆಜಿಡ್ಡಿನ ಒರಟು ಕೂದಲು, ಅದರಡಿ ದಟ್ಟವಾದ ಮೆತ್ತನೆಯ ಇನ್ನೊಂದು ಪದರ. ಈಜಿ ಬಂದ ನಾಯಿಯ ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಿದರೆ ಚರ್ಮ ಎಷ್ಟೋ ಸಲ ಒಣಗಿಯೇ ಇರುತ್ತದೆ. ದಪ್ಪ ಬಾಲವೇ ಚುಕ್ಕಾಣಿ. ಗಂಡು ಭುಜದ ಬಳಿ 28 ಅಂಗುಲ ಎತ್ತರ, ಅರವತ್ತರಿಂದ ಅರವತ್ತೆಂಟು ಕಿಲೋ ತೂಗುತ್ತದೆ. ಹೆಣ್ಣು ಸ್ವಲ್ಪ ಚಿಕ್ಕದು. ಸಿಯಾಟಲ್ ಕಡೆಯ ಕನ್ನಡದ ಮನೆಯೊಂದಕ್ಕೆ ಮಗಳ ಬಾಣಂತನಕ್ಕೆಂದು ಬಂದಿದ್ದ ಹಾಸನದ ಅಜ್ಜಿಯೊಬ್ಬರು ಪಕ್ಕದ ಮನೆಯ ನ್ಯೂಫ್ ಕಂಡು, "ಅಯ್ಯೋ, ಇದನ್ನ ಕಟ್ಟಿಹಾಕಕ್ಕೆ ಕೊಟ್ಟಿಗೇನೇ ಬೇಕಲ್ಲೇ!" ಅಂದರಂತೆ. ಆ ನಾಯಿಗೆ ಕಟ್ಟೂ ಬೇಡ, ಕೊಟ್ಟಿಗೆಯೂ ಬೇಡ. ಅಜ್ಜಿಯ ಕಾಲ ಮೇಲೆ ತಲೆಯಿಟ್ಟು ಮಲಗಲು ಜಾಗ ಸಾಕು.

ಇಷ್ಟು ಒಳ್ಳೆಯ ಕೆಲಸಗಾರನೂ ತವರಿನಲ್ಲೇ ಕಷ್ಟಕ್ಕೆ ಸಿಕ್ಕಿದ್ದುಂಟು. ಕುರಿ ಸಾಕಣೆಗೆ ತೊಂದರೆಯಾಗುತ್ತದೆಂದು 1780ರಲ್ಲಿ ಅಲ್ಲಿನ ಗವರ್ನರ್ ಒಂದು ಮನೆಗೆ ಒಂದೇ ನಾಯಿ ಎಂದು ಅಪ್ಪಣೆ ಹೊರಡಿಸಿದ. ಇಪ್ಪತ್ತನೆಯ ಶತಮಾನದ ಹೊತ್ತಿಗೆ ದ್ವೀಪದಲ್ಲೇ ತಳಿ ವಿರಳವಾಗಿತ್ತು. ಸೇಂಟ್ ಜಾನ್ಸ್ ನಗರದ ಹೆರಾಲ್ಡ್ ಮ್ಯಾಕ್‌ಫರ್ಸನ್ ಎಂಬುವರು ತಮ್ಮ ವೆಸ್ಟರ್‌ಲ್ಯಾಂಡ್ ಸಾಕಣೆಯಲ್ಲಿ ಅದನ್ನು ಮತ್ತೆ ಬೆಳೆಸಿದರು. ಅವರ ವೆಸ್ಟರ್‌ಲ್ಯಾಂಡ್ ಸೀಗರ್ ಎಂಬ ನಾಯಿ 1930ರ ದಶಕದ ಅಂಚೆಚೀಟಿಯ ಮೇಲೆ ನಿಂತಿತು. ಅದಕ್ಕೂ ಮೊದಲೇ, 1887ರಲ್ಲಿ, ಅರ್ಧ ಸೆಂಟಿನ ಚೀಟಿಯೊಂದರಲ್ಲಿ ನ್ಯೂಫ್‌ನ ತಲೆ ಅಚ್ಚಾಗಿತ್ತು. ನಮ್ಮ ಮುಧೋಳ ನಾಯಿಗೆ ಅಂಚೆ ಇಲಾಖೆಯ ಆ ಗೌರವ ಸಿಕ್ಕಿದ್ದು 2005ರಲ್ಲಿ.

ಮುಧೋಳದ ಹೆಸರು ಬಂದದ್ದರಿಂದ ಒಂದು ಮಾತು. ಬೇಟೆಗೆಂದೇ ರೂಪುಗೊಂಡ ಆ ನಾಯಿ 1972ರ ವನ್ಯಜೀವಿ ಕಾಯ್ದೆಯ ನಂತರ ಮಾಡಬೇಕಾದದ್ದೇನು ಎಂಬುದು ಬಾಗಲಕೋಟೆ ಜಿಲ್ಲೆಯ ಸಾಕಣೆದಾರರಿಗೆ ನಿಜವಾದ ಪ್ರಶ್ನೆಯೇ ಆಗಿತ್ತು. ಸೇನೆ ಅದನ್ನು ತರಬೇತಿಗೆ ತೆಗೆದುಕೊಂಡದ್ದು ತೀರ ಈಚೆಗೆ. ನ್ಯೂಫ್‌ಗೂ ಇದೇ ಪಾಡು. ಮೋಟಾರು ದೋಣಿ, ಲಾರಿ ಬಂದ ಮೇಲೆ ಬಲೆಯೂ ಇಲ್ಲ, ಬಂಡಿಯೂ ಇಲ್ಲ. ಕೆಲಸ ಹೋದ ತಳಿಯಲ್ಲಿ ಮೊದಲು ಹೋಗುವುದು ಕೆಲಸದ ಬುದ್ಧಿ. ನೋಟ ಮಾತ್ರ ಉಳಿದು, ಸೋಫಾ ತುಂಬುವ ಗೊಂಬೆಯಾಗುತ್ತದೆ. ಇದನ್ನು ತಡೆಯಬೇಕಾದರೆ ಕೆಲಸವನ್ನೇ ಮತ್ತೆ ಹುಟ್ಟಿಸಬೇಕು ಎಂದುಕೊಂಡವರು 1973ರಲ್ಲಿ ನೀರಿನ ಪರೀಕ್ಷೆಗಳನ್ನು ಶುರುಮಾಡಿದರು. ನನ್ನ ಮಟ್ಟಿಗೆ ಈ ಕ್ಲಬ್ಬುಗಳ ಅತಿ ಜಾಣ ಕೆಲಸ ಇದು.

ಪರೀಕ್ಷೆಯಲ್ಲಿ ಮೆಟ್ಟಿಲುಗಳಿವೆ. ಮೊದಲನೆಯದು ವಾಟರ್ ಡಾಗ್. ಎಸೆದ ವಸ್ತು ತರಬೇಕು, ಈಜುತ್ತಿರುವವರಿಗೆ ಹಗ್ಗ ಒಯ್ಯಬೇಕು, ಯಜಮಾನನ ಜತೆ ಈಜಿ ಅವನನ್ನು ಎಳೆದು ತರಬೇಕು. ನನಗೆ ಬಹಳ ಹಿಡಿಸಿದ್ದು ದೋಣಿ ಎಳೆಯುವ ಭಾಗ. ದೋಣಿಯ ಮೂತಿಗೆ ಹಗ್ಗ, ಹಗ್ಗದ ತುದಿಗೆ ತೇಲುವ ಬಂಪರ್. ನಾಯಿ ಅದನ್ನು ಕಚ್ಚುತ್ತದೆ, ಮೊದಲೆರಡು ಎಳೆತಕ್ಕೆ ದೋಣಿ ಅಲುಗುವುದೇ ಇಲ್ಲ. ಹಗ್ಗ ಬಿಗಿಯಾಗುತ್ತದೆ, ನಾಯಿಯ ಭುಜ ನೀರಿನಿಂದ ಮೇಲೇಳುತ್ತದೆ, ಮೂಗಿನಿಂದ ಬುಸ್ಸೆಂದು ಉಸಿರು. ಆಮೇಲೆ ಒಳಗೆ ಕೂತ ಮನುಷ್ಯನ ಸಮೇತ ದೋಣಿ ದಡದ ಗುಂಟ ಮೆಲ್ಲಗೆ ಜಾರತೊಡಗುತ್ತದೆ. ಐವತ್ತು ಅಡಿ ಎಳೆದರೆ ಸಾಕು, ಆದರೆ ಉತ್ಸಾಹ ತಡೆಯದೆ ಇನ್ನೂ ಎಳೆಯುವ ನಾಯಿಗಳಿಗೆ ಕೊರತೆಯಿಲ್ಲ.

ಎರಡನೆಯದು ವಾಟರ್ ರೆಸ್ಕ್ಯೂ ಡಾಗ್. ಶುರುವಿನಲ್ಲಿ ಹೇಳಿದ ಮೂವರ ಪರೀಕ್ಷೆ ಇದರದ್ದೇ. ಮುಳುಗಿದ ವಸ್ತುವನ್ನು ತಲೆ ನೀರೊಳಗಿಟ್ಟು ಎತ್ತಬೇಕು. ಕೊನೆಗೆ ಯಜಮಾನ ದೋಣಿಯಿಂದ ಬೀಳುತ್ತಾನೆ, ನಾಯಿ ತಾನೇ ಹಾರಿ ಅವನನ್ನು ತರಬೇಕು. ಇಂಥ ನಾಯಿಗಳನ್ನು ಕರಾವಳಿ ಕಾವಲಿಗೇ ಹಚ್ಚಿದ ಉದಾಹರಣೆ ಇಟಲಿಯಲ್ಲಿದೆ. ಫೆರುಚ್ಚೊ ಪಿಲೆಂಗಾ ತಮ್ಮ ನ್ಯೂಫ್‌ಗೆ ಕಲಿಸುತ್ತ ಕಟ್ಟಿದ ಜಲರಕ್ಷಣಾ ನಾಯಿಶಾಲೆಯ ನಾಯಿಗಳು ಈಗ ಹೆಲಿಕಾಪ್ಟರಿನಿಂದಲೂ ನೀರಿಗೆ ಹಾರುತ್ತವೆ.

ಬಂಡಿಯದ್ದು ಇನ್ನೊಂದು ಪರೀಕ್ಷೆ. ಎರಡು ವರ್ಷ ತುಂಬದ ನಾಯಿಗೆ ಪ್ರವೇಶವಿಲ್ಲ, ಎಲುಬು ಬಲಿತಿರುವುದಿಲ್ಲ ಎಂಬ ಕಾರಣಕ್ಕೆ. ಹಾರ್ನೆಸ್ ತೊಡಿಸಿಕೊಂಡು ತಾಳ್ಮೆಯಿಂದ ನಿಲ್ಲಬೇಕು, ಬಂಡಿ ಸಮೇತ ಹಿಂದೆ ಸರಿಯಬೇಕು, ಇಕ್ಕಟ್ಟಿನ ದಾರಿಯಲ್ಲಿ ಕಂಬಕ್ಕೆ ತಾಗದೆ ತಿರುಗಬೇಕು, ಕೊನೆಗೆ ಹೊರೆ ಹೊತ್ತು ಒಂದು ಮೈಲಿ ನಡೆಯಬೇಕು. ಹಿಂದೆ ಸರಿಯುವುದು ನಮ್ಮ ಎತ್ತುಗಳಿಗೂ ಕಷ್ಟದ ಪಾಠವೇ. ಈ ಬಂಡಿಗಳು ಸ್ಥಳೀಯ ಮೆರವಣಿಗೆಗಳಲ್ಲಿ ಮಕ್ಕಳನ್ನು ಸೆಳೆಯುತ್ತವೆ, ಕ್ರಿಸ್ಮಸ್ ಹೊತ್ತಿಗೆ ತೋಟಗಳಿಂದ ಮರ ಹೊತ್ತು ತರುತ್ತವೆ.

ವಾಯವ್ಯದವರಿಗೆ ಹೇಳಿಕೊಳ್ಳಲು ಚರಿತ್ರೆಯ ಒಂದು ನಂಟೂ ಇದೆ. ಅಮೆರಿಕ ಖಂಡವನ್ನು ದಾಟಿ ಶಾಂತಸಾಗರ ಮುಟ್ಟಿದ ಲೂಯಿಸ್–ಕ್ಲಾರ್ಕ್ ತಂಡದ ಜತೆ ಸೀಮನ್ ಎಂಬ ನ್ಯೂಫ್ ಇತ್ತು. ಮೆರಿವೆದರ್ ಲೂಯಿಸ್ 1803ರಲ್ಲಿ ಅದನ್ನು ಕೊಂಡದ್ದು 20 ಡಾಲರಿಗೆ. ಓಹಾಯೊ ನದಿಯಲ್ಲಿ ಅದು ಅಳಿಲುಗಳನ್ನು ಹಿಡಿದು ತಂದು ಊಟಕ್ಕೂ ನೆರವಾಯಿತು. 1805ರಲ್ಲಿ ತಂಡ ಕೊಲಂಬಿಯಾ ನದಿಯ ಮುಖದಲ್ಲಿ, ಇಂದಿನ ವಾಷಿಂಗ್ಟನ್ ರಾಜ್ಯದ ಅಂಚಿನಲ್ಲಿ, ಕಡಲು ಕಂಡಿತು. ಮರಳುವಾಗ ಅದೇ ನದಿಯ ಬಳಿ ಸೀಮನ್ ಕಳವಾಯಿತು. ಲೂಯಿಸ್ ಮೂವರು ಸಿಪಾಯಿಗಳನ್ನು ಅಟ್ಟಿ ವಾಪಸು ತರಿಸಿದ. ಕೆನಡಾದವರ ಹೆಮ್ಮೆ ಗ್ಯಾಂಡರ್. 1941ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್ ಕದನದಲ್ಲಿ ಗಾಯಾಳು ಸೈನಿಕರ ಬಳಿ ಬಿದ್ದ ಗ್ರೆನೇಡನ್ನು ಅದು ಕಚ್ಚಿಕೊಂಡು ಓಡಿತು, ಅದರಲ್ಲೇ ಸತ್ತಿತು. ಪ್ರಾಣಿಗಳಿಗೆ ಕೊಡುವ ಡಿಕಿನ್ ಪದಕ 2000ದಲ್ಲಿ ಅದಕ್ಕೆ ಸಂದಿತು. ಪೀಟರ್ ಪ್ಯಾನ್ ಕಥೆಯ ದಾದಿ ನಾನಾ ಕೂಡ ಮೂಲದಲ್ಲಿ ನ್ಯೂಫೇ. ಸಿನಿಮಾದವರು ಅದನ್ನು ಸೇಂಟ್ ಬರ್ನಾರ್ಡ್ ಮಾಡಿದ್ದಕ್ಕೆ ಕ್ಲಬ್ಬಿನವರ ಮುನಿಸು ಇನ್ನೂ ಇಳಿದಿಲ್ಲ.

ಮರಿ ಬೇಕೆಂದು ಬಂದವರೊಡನೆ ಕ್ಲಬ್ಬಿನವರು ನಡೆದುಕೊಳ್ಳುವ ರೀತಿ ವಿಚಿತ್ರ. ಮಾರಾಟಕ್ಕಿಂತ ನಿರುತ್ಸಾಹಗೊಳಿಸುವುದರಲ್ಲೇ ಅವರಿಗೆ ಆಸಕ್ತಿ. ಮೊದಲು ಜೊಲ್ಲಿನ ಮಾತು: ನಾಯಿ ತಲೆ ಕೊಡವಿದರೆ ಗೋಡೆಯ ಮೇಲೆ, ಕೆಲವೊಮ್ಮೆ ಚಾವಣಿಯ ಮೇಲೆ. ಆಮೇಲೆ ಕಾಲಕಾಲಕ್ಕೆ ಗಂಟುಗಟ್ಟಲೆ ಉದುರುವ ಕೂದಲು. ಔಷಧಿ, ಅರಿವಳಿಕೆ ಎಲ್ಲವೂ ತೂಕದ ಲೆಕ್ಕದಲ್ಲೇ ಆದ್ದರಿಂದ ವೈದ್ಯರ ಬಿಲ್ಲೂ ದೊಡ್ಡದು. ಆಯುಸ್ಸು ಎಂಟರಿಂದ ಹತ್ತು ವರ್ಷ. ಇಷ್ಟಾದರೂ ಬೇಕೆಂದವರಿಗೆ ತಂದೆತಾಯಿ ನಾಯಿಗಳ ವೈದ್ಯಕೀಯ ಕಾಗದ ಕೇಳಲು ಕಲಿಸುತ್ತಾರೆ: ಸೊಂಟ, ಮೊಣಕೈಗಳ ಎಕ್ಸ್‌ರೇ, ಮಹಾಪಧಮನಿಯ ಬುಡ ಕಿರಿದಾಗುವ ಹೃದ್ರೋಗವಿಲ್ಲವೆಂಬ ತಪಾಸಣೆ, ಮೂತ್ರದಲ್ಲಿ ಕಲ್ಲು ಕಟ್ಟಿಸುವ ಸಿಸ್ಟಿನೂರಿಯಾದ ಡಿಎನ್‌ಎ ವರದಿ. ಈ ಕೊನೆಯ ರೋಗ ಮರಿಗೆ ಬರಬೇಕಾದರೆ ಎರಡೂ ಕಡೆಯಿಂದ ದೋಷದ ಜೀನ್ ಬರಬೇಕು, ಹಾಗಾಗಿ ಜೋಡಿ ಮಾಡುವ ಮೊದಲೇ ಪರೀಕ್ಷಿಸಿದರೆ ತಪ್ಪಿಸಬಹುದು. ಸಾಕಲಾರದೆ ಬಿಟ್ಟುಕೊಟ್ಟ ನಾಯಿಗಳಿಗೆ ಬೇರೆ ಮನೆ ಹುಡುಕುವ ಹೊಣೆಯೂ ಇವರದೇ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಏಸಿ ಕೋಣೆಯೊಳಗೆ ಸೇಂಟ್ ಬರ್ನಾರ್ಡ್ ಸಾಕುವವರನ್ನು ಕಂಡಾಗ ಈ ನಿರುತ್ಸಾಹದ ಬೆಲೆ ತಿಳಿಯುತ್ತದೆ. ಎರಡು ಪದರದ ಕೂದಲು ಹಿಮದ ಕಡಲಿಗೆಂದು ಬೆಳೆದದ್ದು, ಏಪ್ರಿಲ್‌ನ ಟೆರೇಸಿಗಲ್ಲ. ಆದರೆ ಸಿಯಾಟಲ್, ಬಾಸ್ಟನ್ ಕಡೆ ಇರುವ ಕನ್ನಡಿಗರು ಬೇಸಿಗೆಯಲ್ಲಿ ಒಂದು ನೀರಿನ ಪರೀಕ್ಷೆಗೆ ಹೋಗಿ ಬರಬಹುದು. ನೀರಿಗಿಳಿಯಲು ಒಪ್ಪುವ ಜನ ಸದಾ ಕಡಿಮೆ. ಈಜು ಬರುವವರು ಸಿಕ್ಕರೆ ವೆಟ್‌ಸೂಟ್ ತೊಡಿಸಿ 'ಮುಳುಗುವವರ' ಸಾಲಿಗೆ ಸೇರಿಸಿಕೊಳ್ಳಲು ಕ್ಲಬ್ಬಿನವರು ಹಿಂದೆಮುಂದೆ ನೋಡುವುದಿಲ್ಲ. ಮೂವರಲ್ಲಿ ಸುಮ್ಮನಿರುವವರ ಪಾತ್ರ ಸುಲಭ, ಮೊದಲ ಸಲಕ್ಕೆ ಅದನ್ನೇ ಕೇಳಿಕೊಳ್ಳಿ.