ಅಜ್ಜನ ಮರಣ ದಾಖಲೆ ಹುಡುಕಿದ ಕಥೆ: ಪೌತಿ ಖಾತೆ ಆಗದವರಿಗೆ ಕೆಲವು ಮಾತು

ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರ ಪಹಣಿಯಲ್ಲಿ ಇಂದಿಗೂ ಅಜ್ಜನ ಹೆಸರೇ ಇದೆ. ಮದ್ದು ಹೊಡೆಸುವವರು ನಾವು, ಕೊನೆ ಕೊಯ್ಯಿಸುವವರು ನಾವು, ಕಂದಾಯ ಕಟ್ಟುವವರೂ ನಾವು. ಆದರೆ ಕಾಗದದ ಲೆಕ್ಕದಲ್ಲಿ ತೋಟ ನಮ್ಮದಲ್ಲ. ಸಾಲದ ಅರ್ಜಿಯೋ ಬೆಳೆ ಪರಿಹಾರವೋ ಮುಂದೆ ಬಂದಾಗ ಮಾತ್ರ ಇದು ನೆನಪಾಗುತ್ತದೆ. ಖಾತೆ ಬದಲಾಯಿಸಲು ಹೊರಟರೆ ಮೊದಲು ಕೇಳುವುದೇ ಮರಣ ಪ್ರಮಾಣಪತ್ರ. ಅಜ್ಜ ತೀರಿಕೊಂಡು ನಲವತ್ತು ಐವತ್ತು ವರ್ಷವಾಗಿರುತ್ತದೆ. ಅದನ್ನು ಎಲ್ಲಿ ಹುಡುಕುವುದು?

ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ಉಳಿದವರಿಗೆ ಒಂದಿಷ್ಟು ಓಡಾಟ ಉಳಿದರೆ ಸಾಕು.

2019ರ ಆಗಸ್ಟ್ ಮಳೆಯಲ್ಲಿ ಧರೆ ಜರಿದು ನಮ್ಮ ತೋಟದ ಒಂದು ಮೂಲೆ ಹಳ್ಳಕ್ಕೆ ಹೋಯಿತು. ಪರಿಹಾರಕ್ಕೆ ಬರೆದುಕೊಳ್ಳಲು ಬಂದವರು ಪಹಣಿ ನೋಡಿ, "ಇವರು ಎಲ್ಲಿ?" ಎಂದು ಕೇಳಿದರು. ಇವರು ಎಂದರೆ ನಮ್ಮ ಅಜ್ಜ! ಅಪ್ಪಯ್ಯನ ಕಾಲದಲ್ಲೇ ಆಗಬೇಕಿದ್ದ ಪೌತಿ ಖಾತೆ ಆಗಿರಲಿಲ್ಲ. ಅಪ್ಪಯ್ಯನೂ ತೀರಿಕೊಂಡ ಮೇಲೆ ಕೇಳುವವರು ಯಾರೂ ಇರಲಿಲ್ಲ. ತಪ್ಪು ನಮ್ಮದೇ.

ಮನೆಯಲ್ಲಿ ಹಿರಿಯರೆಂದರೆ ಅತ್ತೆ ಒಬ್ಬರು.

"ಅತ್ತೆ, ಅಜ್ಜ ತೀರಿಕೊಂಡದ್ದು ಯಾವ ವರ್ಷ?"

"ಆನಂದ ಸಂವತ್ಸರ, ಮಾಘ ಬಹುಳ ದಶಮಿ. ವರ್ಷಾ ವರ್ಷಾ ತಿಥಿ ಮಾಡುವವನು ನೀನು, ನನ್ನನ್ನು ಕೇಳ್ತೀಯಲ್ಲ ಮಾರಾಯ!"

ಆನಂದ ಸಂವತ್ಸರವೆಂದರೆ 1974 ಎಂದು ಯಾರೋ ಹೇಳಿದರು. ತಾಲ್ಲೂಕು ಕಚೇರಿಗೆ ಹೋಗಿ 1974ರ ಪುಸ್ತಕ ಹುಡುಕಿಸಿದೆ. ಅಜ್ಜನ ಹೆಸರಿಲ್ಲ. ಮನೆಗೆ ಬಂದು ನಿಧಾನವಾಗಿ ಲೆಕ್ಕ ಹಾಕಿದಾಗ ತಪ್ಪು ಗೊತ್ತಾಯಿತು. ಸಂವತ್ಸರ ಶುರುವಾಗುವುದು ಯುಗಾದಿಗೆ, ಜನವರಿಗಲ್ಲ. 1974ರ ಯುಗಾದಿಗೆ ಬಂದ ಆನಂದ ಸಂವತ್ಸರದ ಮಾಘ ಮಾಸ ಬೀಳುವುದು 1975ರ ಫೆಬ್ರವರಿ–ಮಾರ್ಚಿಯಲ್ಲಿ. ಬಹುಳ ದಶಮಿ ಎಂದರೆ ಮಾರ್ಚ್ ತಿಂಗಳ ಮೊದಲ ಹತ್ತು ದಿನದೊಳಗೆ. ಪುಷ್ಯ, ಮಾಘ, ಫಾಲ್ಗುಣದಲ್ಲಿ ತೀರಿಕೊಂಡವರ ವಿಷಯದಲ್ಲಿ ಈ ತಪ್ಪು ಬಹಳ ಸುಲಭವಾಗಿ ಆಗುತ್ತದೆ. ಘಟ್ಟದ ಕೆಳಗಿನವರೂ ಕೊಡಗಿನವರೂ ಸೌರಮಾನದ ತಿಂಗಳು ಹೇಳುತ್ತಾರೆ. ಆಟಿ ಅಥವಾ ಕಕ್ಕಡ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಎಂದು ತಿಳಿಯಬೇಕು.

1975ರ ಪುಸ್ತಕ ನೋಡಿಸಿದೆ. ಅದರಲ್ಲೂ ಇಲ್ಲ!

ಲೆಕ್ಕದ ಪುಸ್ತಕ ಹೇಳಿದ್ದು

ಇನ್ನು ಆಗುವುದಿಲ್ಲವೆಂದು ಕೈಬಿಟ್ಟಿದ್ದಾಗ, ಅಟ್ಟದ ಪೆಟ್ಟಿಗೆಯಲ್ಲಿ ಅಪ್ಪಯ್ಯನ ಜಮಾ-ಖರ್ಚಿನ ಪುಸ್ತಕಗಳು ಸಿಕ್ಕವು. ಅಡಿಕೆ ಮಾರಿದ್ದು, ಆಳಿನ ಸಂಬಳ, ಗೊಬ್ಬರದ ದುಡ್ಡು ಎಲ್ಲ ದಿನವಹಿ ಬರೆದಿಟ್ಟಿದ್ದರು. 1975ರ ಮಾರ್ಚಿಯಲ್ಲಿ ಒಂದು ಸಾಲು: "ಮಂಗಳೂರಿಗೆ ಕಾರು ಬಾಡಿಗೆ." ಅದರ ಕೆಳಗೆ ಎರಡು ವಾರ ಏನೂ ಬರೆದಿಲ್ಲ. ಆಮೇಲೆ ಅಕ್ಕಿ, ಬೆಲ್ಲ, ತುಪ್ಪ, ಬಾಳೆಎಲೆಯ ಲೆಕ್ಕ. ಒಂದು ದಿನವೂ ಲೆಕ್ಕ ತಪ್ಪಿಸದ ಅಪ್ಪಯ್ಯ ಆ ಎರಡು ವಾರ ಹಾಳೆ ಖಾಲಿ ಬಿಟ್ಟಿದ್ದರು.

ಅತ್ತೆಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹೌದು, ಜೀವ ಹೋದದ್ದು ಆಸ್ಪತ್ರೆಯಲ್ಲೇ. ಮನೆಗೆ ತಂದು ತೋಟದ ಮೇಲಿನ ಹಕ್ಕಲಿನಲ್ಲಿ ಸುಟ್ಟದ್ದು." ಸಂಸ್ಕಾರ ಊರಲ್ಲಿ ಆದದ್ದರಿಂದ ಸಾವೂ ಊರಲ್ಲೇ ಆಯಿತೆಂದು ನಾವೆಲ್ಲ ತಿಳಿದಿದ್ದೆವು.

ಮುಖ್ಯವಾದ ಸಂಗತಿ ಇದೇ. ಮರಣ ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿಯಾಗುತ್ತದೆ. ಸತ್ತವರ ಮನೆ ಇರುವಲ್ಲಿ ಅಲ್ಲ, ಸುಟ್ಟಲ್ಲಿ ಹೂತಲ್ಲಿಯೂ ಅಲ್ಲ. ಮಲೆನಾಡಿನ ಎಷ್ಟೋ ಮನೆಯವರು ಕಾಯಿಲೆ ಹೆಚ್ಚಾದಾಗ ಮಂಗಳೂರು, ಮಣಿಪಾಲ, ಶಿವಮೊಗ್ಗ, ಮೈಸೂರುಗಳಿಗೆ ಹೋದವರು. ಅವರ ಹೆಸರನ್ನು ಊರಿನ ತಾಲ್ಲೂಕು ಕಚೇರಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಆಸ್ಪತ್ರೆ ಇದ್ದ ಪಟ್ಟಣದ ಜನನ-ಮರಣ ನೋಂದಣಿ ಕಚೇರಿಯಲ್ಲೇ ಕೇಳಬೇಕು. ಅಜ್ಜನ ಹೆಸರು ಸಿಕ್ಕಿದ್ದೂ ಮಂಗಳೂರಿನ ಪುಸ್ತಕದಲ್ಲಿ.

ಕಚೇರಿಗೆ ಹೋಗುವ ಮೊದಲು

"ಬಹಳ ಹಿಂದೆ ತೀರಿಕೊಂಡರು" ಎಂದು ಹೇಳಿಕೊಂಡು ಕಚೇರಿಗೆ ಹೋದರೆ ಯಾರೂ ಹುಡುಕಿಕೊಡಲಾರರು. ಸ್ಥಳ ಮತ್ತು ವರ್ಷ ಎರಡನ್ನೂ ಮನೆಯಲ್ಲೇ ಗೊತ್ತುಮಾಡಿಕೊಂಡು ಹೋಗಬೇಕು. ಅದಕ್ಕೆ ಸಹಾಯವಾಗುವವು ಇವು:

ಒಂದು, ವೈಕುಂಠ ಸಮಾರಾಧನೆ ಅಥವಾ ಉತ್ತರಕ್ರಿಯೆಯ ಕಾಗದ. ನೆಂಟರ ಮನೆಯಲ್ಲಿ ಎಲ್ಲಾದರೂ ಒಂದು ಉಳಿದಿರಬಹುದು. ಕ್ರೈಸ್ತ ಬಾಂಧವರಿಗೆ ಇಗರ್ಜಿಯ ಸಮಾಧಿ ಪುಸ್ತಕವೂ, ಮುಸ್ಲಿಂ ಬಾಂಧವರಿಗೆ ಮಸೀದಿ ಜಮಾತಿನವರು ಪುಸ್ತಕ ಇಟ್ಟಿದ್ದರೆ ಅದೂ ಆಧಾರ.

ಎರಡು, ಪತ್ರಿಕೆಯ ನಿಧನ ವಾರ್ತೆ. ಊರಿನ ಪಟೇಲರು, ಮೇಷ್ಟರು, ಸಹಕಾರ ಸಂಘದ ನಿರ್ದೇಶಕರು ತೀರಿಕೊಂಡರೆ ಜಿಲ್ಲಾ ಸುದ್ದಿಯ ಪುಟದಲ್ಲಿ ನಾಲ್ಕು ಸಾಲು ಬರುತ್ತಿತ್ತು. ಕೊಡಗಿನವರಿಗೆ 1957ರಲ್ಲಿ ಆರಂಭವಾದ "ಶಕ್ತಿ", ಕರಾವಳಿ ಮತ್ತು ಘಟ್ಟದ ಅಂಚಿನವರಿಗೆ 1970ರಲ್ಲಿ ಆರಂಭವಾದ "ಉದಯವಾಣಿ", ಹಳೆಯ ಮೈಸೂರಿನವರಿಗೆ 1948ರ "ಪ್ರಜಾವಾಣಿ". ಸತ್ತ ದಿನದ ಪತ್ರಿಕೆ ಮಾತ್ರ ನೋಡಿದರೆ ಸಾಲದು, ಮುಂದಿನ ಎರಡು ವಾರದ್ದನ್ನೂ ನೋಡಬೇಕು. ಇದು ದಾರಿ ತೋರಿಸುವ ಗುರುತು ಮಾತ್ರ. ಪ್ರಮಾಣಪತ್ರದ ಬದಲಿಗೆ ನಡೆಯುವುದಿಲ್ಲ.

ಮೂರು, ಹಳೆಯ ಕೈಬರಹದ ಪಹಣಿ ಮತ್ತು ಮ್ಯುಟೇಶನ್ ರಿಜಿಸ್ಟರು. ಅಜ್ಜನ ಬೇರೆ ಸರ್ವೆ ನಂಬರಿನ ಖಾತೆ ದಾಯಾದಿಗಳಿಗೆ ಆಗಿದ್ದರೆ ಅದರ ಷರಾದಲ್ಲಿ ಮರಣದ ವಿಷಯ ಇರಬಹುದು. ಸಹಕಾರ ಸಂಘದ ಷೇರು ಪುಸ್ತಕ, ವಿಮೆಯ ಕಾಗದ, ಕಾಫಿ ಪೂಲ್ ಕಾಲದ ರಶೀದಿಗಳಲ್ಲಿ ಹೆಸರು ಯಾವ ವರ್ಷ ಬದಲಾಯಿತೆಂದು ನೋಡಿದರೂ ಕಾಲ ಗೊತ್ತಾಗುತ್ತದೆ.

ಪುಸ್ತಕ ಎಲ್ಲಿರುತ್ತದೆ?

ಈಗಿನ ಜನನ-ಮರಣ ನೋಂದಣಿ ಕಾಯಿದೆ 1969ರದ್ದು. ಅದಕ್ಕೆ ಹಿಂದಿನ ಹಳ್ಳಿಯ ಲೆಕ್ಕ ಪಟೇಲ, ಶಾನುಭೋಗರ ಕೈಯಲ್ಲಿತ್ತು. 1961ರ ಕಾಯಿದೆಯಿಂದ ಆ ವಂಶಪಾರಂಪರ್ಯ ಹುದ್ದೆಗಳು ರದ್ದಾಗಿ ಗ್ರಾಮ ಲೆಕ್ಕಿಗರು ಬಂದರು. ಹಳ್ಳಿಯ ಹಿಂದಿನ ವರ್ಷಗಳ ಪುಸ್ತಕಗಳಿಗೆ ತಹಶೀಲ್ದಾರರ ಕಚೇರಿಯಲ್ಲಿ ಅರ್ಜಿ ಕೊಡಬೇಕು. 1956ಕ್ಕೆ ಹಿಂದಿನದಾದರೆ ದಕ್ಷಿಣ ಕನ್ನಡ ಮದರಾಸಿಗೂ ಉತ್ತರ ಕನ್ನಡ ಮುಂಬಯಿಗೂ ಸೇರಿತ್ತು, ಕೊಡಗು ಬೇರೆಯೇ ಇತ್ತು ಎಂಬುದು ನೆನಪಿರಲಿ. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರು.

ಯಾರು ಬೇಕಾದರೂ ಶುಲ್ಕ ಕೊಟ್ಟು ಪುಸ್ತಕ ಹುಡುಕಿಸಿ, ಮರಣದ ದಾಖಲೆಯ ನಕಲು ಪಡೆಯಲು ಕಾಯಿದೆಯ 17ನೇ ಕಲಮಿನಲ್ಲಿ ಅವಕಾಶವಿದೆ. ಹೆಸರು ತಪ್ಪಾಗಿದ್ದರೆ 15ನೇ ಕಲಮಿನಂತೆ ತಿದ್ದುಪಡಿ ಕೇಳಬಹುದು.

ಹುಡುಕಿದರೂ ಸಿಗದಿದ್ದರೆ ಸುಮ್ಮನೆ ಹಿಂದಿರುಗಬೇಡಿ. "ದಾಖಲೆ ಲಭ್ಯವಿಲ್ಲ" ಎಂಬ ಪ್ರಮಾಣಪತ್ರವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಒಂದು ವರ್ಷ ಮೀರಿದ ಮರಣವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಈ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗೀಯ ಮ್ಯಾಜಿಸ್ಟ್ರೇಟ್ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರದ್ದು. ಅಲ್ಲಿ ಈ ಕಾಗದ, ಕ್ರಿಯೆಯ ಪತ್ರಿಕೆ, ನಿಧನ ವಾರ್ತೆ ಎಲ್ಲವೂ ಉಪಯೋಗಕ್ಕೆ ಬರುತ್ತವೆ.

ಮುಂದಿನವರಿಗೆ ಈ ಕಷ್ಟ ಬೇಡ

ಮನೆಯಲ್ಲಿ ಸಾವಾದಾಗ ಕಾಗದದ ಯೋಚನೆ ಯಾರಿಗೂ ಬರುವುದಿಲ್ಲ. ಆದರೂ ಮರಣವನ್ನು 21 ದಿನದೊಳಗೆ ತಿಳಿಸಬೇಕು. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೂ ಒಂದು ವಾರ ಉಳಿದಿರುತ್ತದೆ. ಹೆಸರನ್ನು ಪಹಣಿಯಲ್ಲಿ ಇರುವಂತೆಯೇ ಬರೆಸಿ. ವಾರಸಿನಿಂದ ಬಂದ ಹಕ್ಕನ್ನು ಮೂರು ತಿಂಗಳೊಳಗೆ ಕಂದಾಯ ಇಲಾಖೆಗೆ ತಿಳಿಸಬೇಕೆಂದು 1964ರ ಭೂ ಕಂದಾಯ ಕಾಯಿದೆಯ 128ನೇ ಕಲಮು ಹೇಳುತ್ತದೆ.

ಅಜ್ಜನ ಪ್ರಮಾಣಪತ್ರ ಕೈಗೆ ಬಂದ ದಿನ ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಹೆಸರಿನ ಮೇಲೆ ಬೆರಳಾಡಿಸಿ, "ಇಷ್ಟು ವರ್ಷ ಮಂಗಳೂರಲ್ಲೇ ಕೂತಿದ್ದರಾ ಅಪ್ಪಯ್ಯ?" ಎಂದರು. ಅದೇ ಸಂಜೆ ಅವರನ್ನು ಕೂರಿಸಿಕೊಂಡು ಮನೆಯ ಹಿರಿಯರೆಲ್ಲರ ಹೆಸರು, ತೀರಿಕೊಂಡ ಊರು, ತಿಥಿ, ತಾರೀಕು ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಹೇಳುವ ಹಿರಿಯರು ಮನೆಯಲ್ಲಿ ಇರುವಾಗಲೇ ತಾವೂ ಬರೆದಿಡಿ.