ಇಪ್ಪತ್ತೆಂಟು ಸುಳ್ಳು ಟಿಕ್‌ಗಳು

ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ ಮನೆಯಿಂದ ಬರುತ್ತಿದ್ದ ದುಡ್ಡು ಪಿ.ಜಿ. ಬಾಡಿಗೆಗೆ ಸಾಲುತ್ತಿರಲಿಲ್ಲ. ಗೆಳೆಯನೊಬ್ಬ ಹೇಳಿದ ಅಂತ ಮಾರ್ಕೆಟ್ ರಿಸರ್ಚ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಪಾರ್ಟ್‌ಟೈಂ ಕೆಲಸ ಹಿಡಿದೆ. ‘ಫೀಲ್ಡ್ ವರ್ಕ್’ ಅಂದರೆ ಏನೋ ದೊಡ್ಡದು ಅಂದುಕೊಂಡು ಹೋದರೆ ಕೈಗೆ ಬಂದದ್ದು ಒಂದು ಬ್ಯಾಗು, ಅದರ ತುಂಬ ತೆಳ್ಳನೆಯ ಪುಸ್ತಕಗಳು, ಒಂದು ವಿಳಾಸದ ಪಟ್ಟಿ. ಬೆಂಗಳೂರಿನ ಜನ ಯಾವ ರೇಡಿಯೊ ಸ್ಟೇಷನ್ ಕೇಳುತ್ತಾರೆ, ಎಷ್ಟು ಹೊತ್ತು ಕೇಳುತ್ತಾರೆ ಎಂದು ಪತ್ತೆ ಮಾಡಬೇಕಿತ್ತು. ಭರ್ತಿಯಾದ ಡೈರಿ ವಾಪಸ್ ತಂದರೆ ಒಂದಕ್ಕೆ ಇಷ್ಟು ಅಂತ ದುಡ್ಡು. ತರದಿದ್ದರೆ ಬಸ್ ಚಾರ್ಜೂ ನಮ್ಮದೇ.

ಡೈರಿ ಅಂದರೆ ನಿಮ್ಮ ನಮ್ಮ ದಿನಚರಿ ಅಲ್ಲ. ದಿನಕ್ಕೊಂದು ಪುಟ, ಹದಿನೈದು ನಿಮಿಷಕ್ಕೊಂದು ಅಡ್ಡ ಸಾಲು, ಸ್ಟೇಷನ್‌ಗೊಂದು ಉದ್ದ ಸಾಲು. ಕೇಳಿದ ಕಡೆ ಟಿಕ್ ಹಾಕಬೇಕು. ಮನೆಯಲ್ಲೋ, ವಾಹನದಲ್ಲೋ, ಬೇರೆಲ್ಲೋ ಅಂತಲೂ ಗುರುತು ಮಾಡಬೇಕು. ಒಂದು ವಾರ ಆದಮೇಲೆ ನಾವು ಹೋಗಿ ಇಸ್ಕೊಂಡು ಬರಬೇಕು.

ದೇಶದ ಮೊದಲ ಖಾಸಗಿ ಎಫ್‌ಎಂ ಸ್ಟೇಷನ್ ಶುರುವಾದದ್ದು 2001ರಲ್ಲಿ, ನಮ್ಮ ಬೆಂಗಳೂರಲ್ಲೇ. ಕೇಳುಗರಿಗೆ ಅದು ಪುಕ್ಕಟೆ. ದುಡ್ಡು ಕೊಡುವವರು ಜಾಹೀರಾತಿನವರು. ‘ನಿಮ್ಮನ್ನು ಎಷ್ಟು ಜನ ಕೇಳ್ತಾರೆ?’ ಅಂತ ಅವರು ಕೇಳಿದರೆ ಸ್ಟೇಷನ್‌ನವರ ಹತ್ತಿರ ಉತ್ತರ ಬೇಕಲ್ಲ? ಪತ್ರಿಕೆಯಾದರೆ ಎಷ್ಟು ಪ್ರತಿ ಮಾರಾಟವಾಯಿತು ಅಂತ ಎಣಿಸಬಹುದು. ಗಾಳಿಯಲ್ಲಿ ಹೋದದ್ದನ್ನು ಎಣಿಸುವುದು ಹೇಗೆ? 2007ರಲ್ಲಿ ಟ್ಯಾಮ್ ಸಂಸ್ಥೆ ‘ರ್‍ಯಾಮ್’ ಅಂತ ರೇಡಿಯೊ ಅಳತೆ ಶುರು ಮಾಡಿದಾಗ ಆರಿಸಿಕೊಂಡದ್ದೂ ಡೈರಿಯನ್ನೇ. ಊರಿಗೆ 480 ಜನ. ಬೆಂಗಳೂರಲ್ಲಿ ಹನ್ನೆರಡು ವರ್ಷ ದಾಟಿದವರು 70 ಲಕ್ಷ ಅಂತ ಇಟ್ಟುಕೊಳ್ಳಿ. ಒಬ್ಬೊಬ್ಬರ ಟಿಕ್‌ನ ಹಿಂದೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ನಿಂತಂತಾಯಿತು! ನಮ್ಮ ಸಣ್ಣ ಕಂಪನಿಯ ಲೆಕ್ಕವೂ ಅದೇ ಜಾತಿಯದ್ದು.

ಅದಕ್ಕೂ ಮುಂಚೆ ಲೆಕ್ಕ ಅಂದರೆ ಕಾಗದಗಳದ್ದು. 1952ರಲ್ಲಿ ರೇಡಿಯೊ ಸಿಲೋನ್‌ನಲ್ಲಿ ಶುರುವಾದ ಬಿನಾಕಾ ಗೀತ್‌ಮಾಲಾಕ್ಕೆ ಚೀಲಗಟ್ಟಲೆ ಪತ್ರ ಬರುತ್ತಿತ್ತಂತೆ. ಈಗ ಜಾರ್ಖಂಡಿನಲ್ಲಿರುವ ಝುಮ್ರಿ ತಿಲೈಯಾ ಎಂಬ ಪುಟ್ಟ ಊರು ಇಡೀ ದೇಶಕ್ಕೆ ಪರಿಚಯವಾದದ್ದೇ ಹಾಡಿನ ಕೋರಿಕೆ ಪತ್ರಗಳಿಂದ. ಹಾಗಂತ ಉಳಿದ ಊರಿನವರು ರೇಡಿಯೊ ಕೇಳುತ್ತಿರಲಿಲ್ಲವೇ? ಬರೆಯುವವರು ಲೆಕ್ಕಕ್ಕೆ ಸಿಗುತ್ತಾರೆ, ಸುಮ್ಮನೆ ಕೇಳುವವರು ಸಿಗುವುದಿಲ್ಲ. ಊರಲ್ಲಿ ನಮ್ಮಜ್ಜಿ ರೊಟ್ಟಿ ತಟ್ಟುತ್ತಾ ಧಾರವಾಡ ಆಕಾಶವಾಣಿ ಕೇಳುತ್ತಾಳೆ. ಜನ್ಮದಲ್ಲಿ ಒಂದು ಕಾಗದ ಬರೆದವಳಲ್ಲ.

ಡೈರಿಯ ಕಷ್ಟ ಬೇರೆ ಥರದ್ದು. ಶ್ರೀರಾಮಪುರದ ಒಬ್ಬ ಟೈಲರ್ ಅಂಗಡಿಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ರೇಡಿಯೊ ಹಾಡುತ್ತಲೇ ಇರುತ್ತಿತ್ತು. ‘ಯಾವ ಸ್ಟೇಷನ್ ಅಣ್ಣಾ?’ ಅಂದರೆ, ‘ಅದೆಲ್ಲ ಯಾರ್ ನೋಡ್ತಾರಪ್ಪಾ, ಹಾಡ್ ಬರ್ತಿರುತ್ತೆ’ ಅಂದರು. ಡೈರಿಯಲ್ಲಿ ಮಾತ್ರ ಟಿಕ್ ಹಾಕಿದ್ದು ಬಸ್‌ಸ್ಟಾಪಿನಲ್ಲಿ ದೊಡ್ಡ ಹೋರ್ಡಿಂಗ್ ಇದ್ದ ಸ್ಟೇಷನ್‌ಗೆ. ನಾನೇ ಹೋಗಿ ರೇಡಿಯೊದ ಮುಳ್ಳು ನೋಡಿದರೆ ಅದು ನಿಂತಿದ್ದು ಬೇರೆ ಕಡೆ! ಅಮೆರಿಕದಲ್ಲಿ ಇದಕ್ಕೆಂದೇ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಮೀಟರ್ ತಂದರು. ಪ್ರಸಾರದಲ್ಲೇ ಕಿವಿಗೆ ಕೇಳಿಸದ ಸಂಕೇತ ಸೇರಿಸಿರುತ್ತಾರೆ, ಮೀಟರ್ ಅದನ್ನು ಹಿಡಿಯುತ್ತದೆ. ಡೈರಿ ಹೇಳುತ್ತಿದ್ದದ್ದಕ್ಕಿಂತ ಜನ ಹೆಚ್ಚು ಸ್ಟೇಷನ್‌ಗಳನ್ನು, ಆದರೆ ಕಡಿಮೆ ಹೊತ್ತು ಕೇಳುತ್ತಾರೆ ಅಂತ ಆಗ ಗೊತ್ತಾಯಿತು. ಆದರೆ ಮೀಟರ್‌ಗೆ ಹೋಟೆಲ್‌ನಲ್ಲಿ ಕಿವಿಗೆ ಬಿದ್ದ ಹಾಡೂ ಒಂದೇ, ಆಸೆಪಟ್ಟು ಹಾಕಿಕೊಂಡ ಹಾಡೂ ಒಂದೇ. ಡೈರಿ ನೆನಪನ್ನು ಅಳೆಯುತ್ತದೆ, ಮೀಟರ್ ಕಿವಿಯನ್ನು. ಟೈಲರ್ ಅಣ್ಣನ ವಿಷಯದಲ್ಲಿ ಯಾವುದು ಸರಿ ಅಂತ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಪಟ್ಟಿಯಲ್ಲಿ ಕಾಮಾಕ್ಷಿಪಾಳ್ಯದ ಒಬ್ಬ ಆಟೊ ಡ್ರೈವರ್ ಇದ್ದರು. ಡೈರಿ ಕೊಟ್ಟು ಬಂದಿದ್ದೆ. ವಾರ ಬಿಟ್ಟು ಹೋದರೆ ಮನೆಗೆ ಬೀಗ. ಮರುದಿನವೂ ಬೀಗ. ಮೂರನೆಯ ದಿನ ಪಕ್ಕದ ಮನೆಯವರು ಡೈರಿ ತಂದು ಕೊಟ್ಟರು. ಪೂರ್ತಿ ಖಾಲಿ. ಅವತ್ತೇ ಲೆಕ್ಕ ಒಪ್ಪಿಸುವ ದಿನ, ಪಿ.ಜಿ. ಆಂಟಿ ಎರಡು ಸಲ ಬಾಡಿಗೆ ಕೇಳಿಯಾಗಿತ್ತು. ಬಸ್‌ನಲ್ಲಿ ಕೂತು ಪೆನ್ನು ತೆಗೆದೆ. ಆಟೊದವರಲ್ಲವಾ, ಬೆಳಿಗ್ಗೆ ಎಂಟರಿಂದ ಒಂಬತ್ತು ಕೇಳೇ ಕೇಳಿರುತ್ತಾರೆ ಅಂತ ನನ್ನ ಮೆಚ್ಚಿನ ಆರ್‌ಜೆ ಇದ್ದ ಸ್ಟೇಷನ್‌ಗೆ ದಿನಕ್ಕೆ ನಾಲ್ಕರಂತೆ ಏಳು ದಿನ ಟಿಕ್ ಹಾಕಿದೆ. ಒಟ್ಟು ಇಪ್ಪತ್ತೆಂಟು.

ಎರಡು ದಿನದ ಮೇಲೆ ಸೂಪರ್‌ವೈಸರ್ ಮೇಡಂ ಕರೆದರು. ಡೈರಿ ಮೇಜಿನ ಮೇಲಿತ್ತು. ‘ಏಳೂ ದಿನ ಎಂಟರಿಂದ ಒಂಬತ್ತು. ಭಾನುವಾರಾನೂ! ಒಂದು ಟಿಕ್ ಆಚೆ ಈಚೆ ಇಲ್ಲ. ಮನುಷ್ಯರು ಹೀಗೆ ರೇಡಿಯೊ ಕೇಳ್ತಾರೇನಪ್ಪಾ?’ ನಾನು ಬಾಯಿ ಬಿಡಲಿಲ್ಲ. ‘ಬ್ಯಾಕ್‌ಚೆಕ್‌ಗೆ ಫೋನ್ ಮಾಡಿದ್ದೆ. ಅವರ ಹೆಂಡತಿಗೆ ಹೆರಿಗೆ ಆಯ್ತಂತೆ. ವಾರವೆಲ್ಲ ಮಾಗಡಿ ಹತ್ರ ಅತ್ತೆ ಮನೇಲಿದ್ರಂತೆ. ರೇಡಿಯೊ ಮುಟ್ಟೇ ಇಲ್ಲ ಅಂದ್ರು’ ಅಂದರು. ಆಮೇಲೆ ಸ್ವಲ್ಪ ಮೆತ್ತಗಾಗಿ, ‘ಖಾಲಿ ಡೈರಿಗೂ ನಾವು ದುಡ್ಡು ಕೊಡ್ತೀವಿ ಕಣಪ್ಪಾ. ಯಾಕೆ ಖಾಲಿ ಅಂತ ಕೇಳ್ಕೊಂಡು ಬಂದ್ರೆ ಸಾಕಿತ್ತು. ಕೇಳಲಿಲ್ಲ ಅನ್ನೋದೂ ಒಂದು ಉತ್ತರ’ ಅಂದರು. ಟ್ರೇನಿಂಗ್ ದಿನ ಇದನ್ನು ಹೇಳಿದ್ದರಂತೆ. ಆಗ ನಾನು ಕೊನೆಯ ಬೆಂಚಿನಲ್ಲಿ ಮೊಬೈಲ್ ನೋಡುತ್ತಿದ್ದೆನೋ ಏನೋ.

ಆ ಸುತ್ತಿನ ನನ್ನ ಅಷ್ಟೂ ಡೈರಿಗಳನ್ನು ಪಕ್ಕಕ್ಕಿಟ್ಟರು. ಪ್ರಾಮಾಣಿಕವಾಗಿ ತಂದವೂ ಹೋದವು, ಪಾಪದ ಟೈಲರ್ ಅಣ್ಣನದ್ದೂ ಹೋಯಿತು. ದುಡ್ಡು ಬರಲಿಲ್ಲ. ಬಾಡಿಗೆಗೆ ಗೆಳೆಯನ ಹತ್ತಿರ ಸಾಲ ಮಾಡಿದೆ. ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಿದ್ದೆ. ಮೇಡಂ ಇನ್ನೊಂದು ಸುತ್ತು ಕೊಟ್ಟರು, ಮೊದಲ ವಿಳಾಸವೇ ಕಾಮಾಕ್ಷಿಪಾಳ್ಯದ್ದು.

ಆಟೊ ಅಣ್ಣ ಬೈಯುತ್ತಾರೆ ಅಂತ ಹೆದರುತ್ತಲೇ ಹೋದೆ. ಅವರಿಗೆ ವಿಷಯವೇ ಗೊತ್ತಿರಲಿಲ್ಲ. ‘ಮಗಳು ಹುಟ್ಟಿದಾಳೆ ಗುರು’ ಅಂತ ಮೈಸೂರ್ ಪಾಕ್ ಕೊಟ್ಟರು. ನಾನೇ ಎಲ್ಲ ಹೇಳಿದೆ. ನಕ್ಕುಬಿಟ್ಟರು. ‘ಬೆಳಿಗ್ಗೆ ಎಂಟಕ್ಕೆ ಸ್ಕೂಲ್ ಮಕ್ಕಳು ಇರ್ತಾವೆ ಆಟೋಲಿ. ಅವುಗಳ ಗಲಾಟೇಲಿ ಎಂಥ ರೇಡಿಯೊ?’ ಅಂದರು.

ಮುಂದಿನ ವಾರ ಅವರ ಡೈರಿ ವಾಪಸ್ ಬಂತು. ಟಿಕ್‌ಗಳೆಲ್ಲ ರಾತ್ರಿ ಹತ್ತರ ಮೇಲೆ, ಹಳೆಯ ಹಾಡು ಹಾಕುವ ಸ್ಟೇಷನ್‌ಗೆ, ಅದೂ ಮೂರೇ ದಿನ. ಗುರುವಾರದ ಪುಟದಲ್ಲಿ ಟಿಕ್ ಇರಲಿಲ್ಲ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದರು: ‘ಪಾಪು ಮಲಗಿತ್ತು, ಹಾಕಲಿಲ್ಲ.’